ಖಂಡೇಪೂಜೆಗೆ ಕೂತ ನೊಣ

ನೊಣಕ್ಕೆ ಎಷ್ಟು ಕಾಲು ಎಂದು ಕೇಳಿದರೆ ಸವಣೂರಿನ ನನ್ನ ಶಾಲೆಯ ಹುಡುಗರಲ್ಲಿ ಅರ್ಧ ಮಂದಿ ನಾಲ್ಕು ಎನ್ನುತ್ತಾರೆ. ಉಳಿದ ಅರ್ಧ ಮಂದಿ ನನ್ನ ಮುಖ ನೋಡಿ ಮುಸಿಮುಸಿ ನಗುತ್ತಾರೆ. ಪರಮೇಶಪ್ಪ ಮಾಸ್ತರರಿಗೆ ನೊಣದ ಹುಚ್ಚು ಎಂಬುದು ಊರಿಗೆಲ್ಲ ಗೊತ್ತು. ಕಾಲು ಆರು. ಮುಂದೆ ಎರಡು, ನಡುವೆ ಎರಡು, ಹಿಂದೆ ಎರಡು. ನನ್ನ ಬದುಕು ಹಾಳಾದದ್ದು ನಡುವಿನ ಎರಡರಿಂದ.

ಹಾಳಾಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಈ ಎರಡನೆಯ ಮಹಾಯುದ್ಧದಲ್ಲಿ ಜನ ಮಕ್ಕಳನ್ನು ಕಳೆದುಕೊಂಡಿದ್ದಾರೆ, ಮನೆ ಕಳೆದುಕೊಂಡಿದ್ದಾರೆ. ನಾನು ಕಳೆದುಕೊಂಡದ್ದು ಎಳ್ಳುಕಾಳಿಗಿಂತ ತುಸು ದೊಡ್ಡ ಎರಡು ಹುಳ. ಇದನ್ನು ದುಃಖ ಎಂದು ಕರೆಯಲು ನಾಚಿಕೆಯಾಗಬೇಕು. ಆಗುತ್ತದೆ ಕೂಡ. ಆದರೆ ನಾಚಿಕೆಪಟ್ಟುಕೊಂಡ ಮಾತ್ರಕ್ಕೆ ಎದೆಯ ಮೇಲಿನ ಭಾರ ಇಳಿಯುವುದಿಲ್ಲ.

ನನ್ನ ಅಪ್ಪ ಮಹಾಲಿಂಗಪ್ಪ ಸವಣೂರು ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟವನು. ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಿದರೆ ಸಾಕು, ಇದು ಅಬಲೂರು ಕಡೆಯ ಬೆದ್ದಲು ಹೊಲದ ಜೋಳ, ಇದು ಶಿಗ್ಗಾಂವಿಯ ಕರಿಮಣ್ಣಿನದು ಎಂದು ಹೇಳುತ್ತಿದ್ದ. ಎರಡನ್ನು ಬೆರೆಸಿ ತಂದವನನ್ನು ಅಂಗಡಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ. ನಾನು ಅವನ ಒಬ್ಬನೇ ಮಗ. ಧಾರವಾಡದಲ್ಲಿ ಓದಿ ಬಂದು ತಕ್ಕಡಿ ಹಿಡಿಯುತ್ತೇನೆ ಎಂದು ಅವನು ಕಾದಿದ್ದ. ನಾನು ಹೈಸ್ಕೂಲಿನಲ್ಲಿ ಮಾಸ್ತರನಾದೆ. ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದನೇನೋ. ಶಾಲೆ ಬಿಟ್ಟ ಮೇಲೆ ಗಾಜಿನ ನಳಿಗೆ ಹಿಡಿದು ವೀಳ್ಯದೆಲೆಯ ತೋಟಗಳಲ್ಲಿ ನೊಣದ ಹಿಂದೆ ತಿರುಗುವುದನ್ನು ಮಾತ್ರ ನುಂಗಲಾಗಲಿಲ್ಲ.

"ಮಂದಿ ಗಿರಾಕಿ ಇಲ್ಲದಾಗ ನೊಣಾ ಹೊಡೀತಾರ," ಎಂದು ಅಂಗಡಿಗೆ ಬಂದವರೆದುರು ಹೇಳುತ್ತಿದ್ದ. "ನನ್ನ ಮಗಾ ಅದನ್ನ ಕಲಿಯಾಕ ಧಾರವಾಡಕ್ಕ ಹೋಗಿ ಬಂದಾನ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಹೆಂಡತಿ ಸರೋಜವ್ವನ ಮೇಲೆ ಸಿಡುಕುತ್ತಿದ್ದೆ. ಅವಳು ತಾನೇನು ಮಾಡಿದೆ ಎಂದು ಕೇಳದೆ ತಾಟು ಮುಂದಿಟ್ಟು ಹೋಗುತ್ತಿದ್ದಳು.

ನೊಣ ಎಂದರೆ ಜನ ತಿಪ್ಪೆಯ ನೊಣವನ್ನು ನೆನೆಯುತ್ತಾರೆ. ನಾನು ಹುಡುಕುತ್ತಿದ್ದುದು ಉದ್ದಗಾಲಿನ ನೊಣಗಳನ್ನು. ಅವು ಹೊಲಸಿನ ಹತ್ತಿರ ಸುಳಿಯುವುದಿಲ್ಲ. ಒದ್ದೆ ನೆಲ, ನೆರಳು, ಅಗಲ ಎಲೆ ಇದ್ದಲ್ಲಿ ಇರುತ್ತವೆ. ತಾಮ್ರ ಬೆರೆತ ಹಸಿರು ಮೈ, ಮೈಗಿಂತ ಉದ್ದವಾದ ಕಾಲು. ಎಲೆಯ ಮೇಲೆ ಸೆಟೆದು ನಿಂತು, ತಟ್ಟನೆ ಓಡಿ, ಮತ್ತೆ ನಿಲ್ಲುತ್ತವೆ. ತಮಗಿಂತ ಸಣ್ಣ ಹುಳಗಳನ್ನು ಹಿಡಿದು ತಿನ್ನುತ್ತವೆ, ರೈತನಿಗೆ ಯಾವ ಕೇಡೂ ಇಲ್ಲ.

ಸವಣೂರಿನ ಎಲೆತೋಟಗಳಲ್ಲಿ ಅವುಗಳ ಮೂರು ಜಾತಿ ನನಗೆ ಗೊತ್ತಿದ್ದವು. ಬರಿಗಣ್ಣಿಗೆ ಮೂರೂ ಒಂದೇ. ಮಸೂರದ ಕೆಳಗೆ ಒಂದರ ರೆಕ್ಕೆಯ ನರ ತುದಿಯಲ್ಲಿ ಮೊಣಕೈಯಂತೆ ಥಟ್ಟನೆ ಬಾಗಿದೆ, ಇನ್ನೊಂದರದು ಮೆಲ್ಲಗೆ ಬಾಗಿದೆ, ಮೂರನೆಯದರ ಮುಂಗಾಲಿನ ಪಾದ ಕಪ್ಪು. ಅದೂ ಗಂಡಿನಲ್ಲಿ ಮಾತ್ರ ಚೊಕ್ಕವಾಗಿ ಕಾಣುವ ಗುರುತು. ಹೆಣ್ಣುಗಳು ಮಾತ್ರ ಒಂದೇ ಸೀರೆ ಉಟ್ಟ ಅಕ್ಕತಂಗಿಯರಂತೆ. ಅವುಗಳನ್ನು ಎಷ್ಟು ಹೊತ್ತು ನೋಡಿದರೂ ಕಣ್ಣು ನೋಯುತ್ತದೆಯೇ ಹೊರತು ಬೇರೆ ಮಾಡಲಾಗುವುದಿಲ್ಲ.

ಕೆರೆಯ ಕೆಳಗೆ ಶಹಾಬುದ್ದೀನನ ಹಳೆಯ ತೋಟವಿತ್ತು. ಎಲೆತೋಟಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಬೇಲಿಯ ಹೊರಗೆ ಬಿಟ್ಟು ಕಾಲು ತೊಳೆದುಕೊಂಡು ಒಳಗೆ ಹೋಗಬೇಕು. ಶಹಾಬುದ್ದೀನ ನನಗಿಂತ ಹಿರಿಯ, ಮಾತಿಗಿಂತ ಕೆಮ್ಮು ಹೆಚ್ಚು. ನನ್ನನ್ನು ಒಂದು ದಿನವೂ ಬರಬೇಡ ಎನ್ನಲಿಲ್ಲ. ಚೊಗಚೆ, ನುಗ್ಗೆ ಗಿಡಗಳಿಗೆ ಹಬ್ಬಿದ ಬಳ್ಳಿಗಳ ನಡುವೆ ಸಣ್ಣ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು.

ಯುದ್ಧ ಶುರುವಾಗುವ ಹಿಂದಿನ ವರ್ಷದ ಶ್ರಾವಣ. ಕಾಲುವೆಯ ಪಕ್ಕದ ಎಲೆಯ ಮೇಲೆ ಒಂದು ಗಂಡು ನೊಣ ಹೆಣ್ಣಿನೆದುರು ನಿಂತು ನಡುವಿನ ಕಾಲನ್ನು ಎತ್ತಿ ಬೀಸಿತು. ಬೀಸಿದ ಪಾದದಲ್ಲಿ ಬೆಳ್ಳಗೆ ಏನೋ ಮಿಂಚಿತು. ಮತ್ತೆ ಬೀಸಿತು, ಮತ್ತೆ ಮಿಂಚಿತು. ನಾನು ಉಸಿರು ಬಿಗಿಹಿಡಿದು ನಿಂತೆ.

"ಏನ್ ಕಂಡ್ರಿ ಮಾಸ್ತರ್ರ, ಹಾವೇನು?" ಎಂದ ಶಹಾಬುದ್ದೀನ.

"ಹಾವಲ್ಲ ಶಹಾಬುದ್ದೀನಣ್ಣಾ. ನೊಣಾ."

"ನೊಣಕ್ಕ ಹಿಂಗ ನಿಂತೀರೇನು? ನಿಲ್ರಿ, ನಿಲ್ರಿ. ನಾ ಕೆಮ್ಮೂದಿಲ್ಲ."

ಅವನು ಬಾಯಿಗೆ ಟವೆಲು ಒತ್ತಿಕೊಂಡು ನಿಂತ. ನಾನು ಗಾಜಿನ ನಳಿಗೆಯನ್ನು ಎಲೆಯ ಮೇಲೆ ಮೆಲ್ಲಗೆ ಬೋರಲು ಹಾಕಿದೆ. ಬಲೆ ಬೀಸಿ ಹಿಡಿದರೆ ಆ ಕಾಲುಗಳು ಮುರಿಯುತ್ತವೆ. ಕಾಲು ಮುರಿದ ಉದ್ದಗಾಲಿನ ನೊಣಕ್ಕೂ ಹರಿದ ನೋಟಿಗೂ ವ್ಯತ್ಯಾಸವಿಲ್ಲ, ಯಾರೂ ತೆಗೆದುಕೊಳ್ಳುವುದಿಲ್ಲ.

ಮನೆಗೆ ತಂದು ಮಸೂರದಡಿ ನೋಡಿದೆ. ನಡುವಿನ ಕಾಲಿನ ಪಾದದಲ್ಲಿ ಕೊನೆಯ ಎರಡು ಗೆಣ್ಣು ಚಪ್ಪಟೆಯಾಗಿ ಕಡುಗಪ್ಪು, ಅವುಗಳ ಹಿಂದಿನ ಗೆಣ್ಣು ಅಚ್ಚ ಬಿಳಿ. ಮುಂಗಾಲು ಹಳದಿ, ಕಪ್ಪಿಲ್ಲ. ರೆಕ್ಕೆಯ ನರ ಮೂರರಲ್ಲಿ ಒಂದರಂತೆಯೂ ಬಾಗಿಲ್ಲ. ಆ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಇಷ್ಟು ವರ್ಷ ಜನ ನಕ್ಕದ್ದಕ್ಕೆಲ್ಲ ಉತ್ತರ ಸಿಕ್ಕಿತು ಅನ್ನಿಸಿತ್ತು.

ಧಾರವಾಡದಲ್ಲಿ ನನಗೆ ಕಲಿಸಿದ ಪ್ರೊಫೆಸರರು ಅದನ್ನು ಬಹಳ ಹೊತ್ತು ನೋಡಿದರು. ನಾನು ಬರೆದೊಯ್ದ ಚಿತ್ರಗಳನ್ನು ಪಕ್ಕಕ್ಕೆ ಸರಿಸಿದರು.

"ಚಿತ್ರಾ ಛಲೋ ಬರದೀರಿ. ಆದರ ಬರೇ ಚಿತ್ರಾ ಯಾರೂ ಒಪ್ಪೂದಿಲ್ಲ ಪರಮೇಶಪ್ಪ. ಮೈ ಬೇಕು. ನಾಳೆ ಯಾರರ ಸಂಶಯಾ ಪಟ್ಟರ ತಗದು ತೋರಸಾಕ ಮೈ ಇರಬೇಕು. ಮತ್ತ ಒಂದ ಗಂಡಿನ ಮ್ಯಾಲೆ ಜಾತಿ ಕಟ್ಟಬ್ಯಾಡ್ರಿ. ಆರು ಬೆರಳಿನ ಮನುಷ್ಯಾ ಒಬ್ಬ ಸಿಕ್ಕರ ಅದು ಬ್ಯಾರೆ ಕುಲಾ ಆಗೂದಿಲ್ಲ. ಇನ್ನೊಂದು ತರ್ರಿ."

ಇನ್ನೊಂದಕ್ಕೆ ಎರಡು ಮಳೆಗಾಲ ಬೇಕಾಯಿತು. ಅದೇ ತೋಟ, ಅದೇ ಕಾಲುವೆಯ ಪಕ್ಕ. ಅದರ ನಡುಗಾಲಿನಲ್ಲೂ ಅದೇ ಬಿಳಿ. ಪ್ರೊಫೆಸರರು ಎರಡನ್ನೂ ನೋಡಿ ಕನ್ನಡಕ ತೆಗೆದಿಟ್ಟರು.

"ಇದು ಬ್ಯಾರೇನ ಐತಿ," ಎಂದರು. "ಆದರ ಲಂಡನ್ನಿನಾಗಿರೂ ಹಳೇ ಮಾದರಿಗಳ ಜೋಡಿ ಇಟ್ಟು ನೋಡಬೇಕು. ಅಲ್ಲಿತನಕಾ ಖಾತ್ರಿ ಹೇಳಾಕ ಬರೂದಿಲ್ಲ. ಈಗ ಕಳಸಬ್ಯಾಡ್ರಿ, ಹಡಗು ಮುಳಗಾಕತ್ತಾವ. ಯುದ್ಧಾ ಮುಗಿಯೂತನಕಾ ಮನ್ಯಾಗ ಜ್ವಾಕಿ ಇಟ್ಕೋರ್ರಿ."

ಅವರು ಆ ವರ್ಷ ನಿವೃತ್ತರಾಗಿ ಪುಣೆಯ ಕಡೆ ಮಗಳ ಮನೆಗೆ ಹೋದರು. ನೊಣಗಳು ನನ್ನ ಮನೆಯಲ್ಲೇ ಉಳಿದವು.

ಮರುವರ್ಷದ ಮಳೆಗೆ ಶಹಾಬುದ್ದೀನನ ಬಳ್ಳಿಗಳ ಬುಡ ಕೊಳೆಯಿತು. ಮೊದಲು ಒಂದು ಸಾಲು ಬಾಡಿತು, ಆಮೇಲೆ ಇಡೀ ತೋಟ. ಅವನು ಬಳ್ಳಿ ಕಿತ್ತು, ಗಿಡ ಕಡಿದು, ಕಾಲುವೆಗಳಿಗೆ ಮಣ್ಣು ತುಂಬಿ ಜೋಳ ಬಿತ್ತಿದ. ಮಣ್ಣು ತುಂಬುವ ದಿನ ನಾನು ಬದುವಿನ ಮೇಲೆ ನಿಂತಿದ್ದೆ. ರೂಢಿಯಂತೆ ಚಪ್ಪಲಿ ಬಿಟ್ಟು ನಿಂತಿದ್ದೆ.

"ಮಾಸ್ತರ್ರ, ಇನ್ನ ಚಪ್ಪಲಿ ಹಾಕ್ಕೋರ್ರಿ," ಎಂದ ಶಹಾಬುದ್ದೀನ. "ಇದು ತ್ವಾಟ ಅಲ್ಲ ಈಗ." ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ನೊಣಾ ಎಲ್ಲಿ ಹೋಗ್ತಾವ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಸವಣೂರಿನ ಉಳಿದ ತೋಟಗಳನ್ನೆಲ್ಲ ಜಾಲಾಡಿದೆ. ಹಾನಗಲ್ಲಿನ ಕೆರೆಯ ಕೆಳಗೆ, ಅಕ್ಕಿಆಲೂರಿನ ಗದ್ದೆಗಳ ಬದುವಿನಲ್ಲಿ, ಶಿಗ್ಗಾಂವಿಯ ಹಳ್ಳದ ದಂಡೆಯಲ್ಲಿ ಮಂಡಿಯೂರಿ ಕೂತು ನೋಡಿದೆ. ಎಲ್ಲ ಕಡೆ ಮೂರು ಹಳೆಯ ಜಾತಿಗಳೇ. ಪ್ರತಿ ಸಲವೂ ಹಸಿರು ಮಿಂಚಿದಾಗ ಎದೆ ಹಾರುತ್ತಿತ್ತು, ಮಸೂರ ಹಿಡಿದಾಗ ಕೂರುತ್ತಿತ್ತು. ಹಾಗಾಗಿ ಆ ಜಾತಿಯಲ್ಲಿ ಪ್ರಪಂಚಕ್ಕೆ ಉಳಿದದ್ದು, ನನಗೆ ಗೊತ್ತಿದ್ದ ಮಟ್ಟಿಗೆ, ನನ್ನ ಪೆಟ್ಟಿಗೆಯ ಎರಡು ಗಂಡು.

ಪೆಟ್ಟಿಗೆ ತೇಗದ್ದು, ಮುಚ್ಚಳಕ್ಕೆ ಗಾಜು, ತಳಕ್ಕೆ ಬೆಂಡು. ಅಷ್ಟು ಸಣ್ಣ ಹುಳಕ್ಕೆ ನೇರವಾಗಿ ಸೂಜಿ ಚುಚ್ಚಲಾಗುವುದಿಲ್ಲ. ಕಾಗದದ ಚೂಪು ತುಂಡಿನ ತುದಿಗೆ ಒಂದು ಚೂರು ಅಂಟು ಹಚ್ಚಿ ಹುಳವನ್ನು ಕೂರಿಸಿ, ಕಾಗದಕ್ಕೆ ಸೂಜಿ ಚುಚ್ಚಬೇಕು. ಒಣಗಿದ ಹುಳಕ್ಕೆ ದೊಡ್ಡ ಶತ್ರು ಸಣ್ಣ ಕೆಂಪಿರುವೆ. ಮೊದಲು ಹುಬ್ಬಳ್ಳಿಯಿಂದ ನುಸಿಗುಳಿಗೆ ತಂದಿಡುತ್ತಿದ್ದೆ, ಯುದ್ಧ ಬಂದ ಮೇಲೆ ಅದು ಮಾಯವಾಯಿತು. ಮಳೆಗಾಲದ ಥಂಡಿಗೆ ಮುಚ್ಚಳದ ಒಂದು ಮೂಲೆ ಕೂದಲೆಳೆಯಷ್ಟು ಬಾಗಿತ್ತು. ಅದಕ್ಕೆ ನಾನು ಬೇವಿನೆಣ್ಣೆಯಲ್ಲಿ ಅದ್ದಿದ ಅರಿವೆಯ ಪಟ್ಟಿಯನ್ನು ಮುಚ್ಚಳದ ಸುತ್ತ ಬಿಗಿಯಾಗಿ ಕಟ್ಟಿಡುತ್ತಿದ್ದೆ. ವಾರವಾರ ಸರೋಜವ್ವ ಎಣ್ಣೆ ಹಾಕುತ್ತಿದ್ದಳು. ಅರಿವೆ ಕಪ್ಪಾಗಿ, ಧೂಳು ಹಿಡಿದು, ನಾರುತ್ತಿತ್ತು. ನಾರಿದಷ್ಟೂ ಒಳ್ಳೆಯದೇ ಎಂದು ನಾನು ಸುಮ್ಮನಿದ್ದೆ.

ಅಪ್ಪ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಕಾಳಿನ ವ್ಯಾಪಾರಕ್ಕೆ ಸರಕಾರದ ಕಟ್ಟುಪಾಡು ಬಂದು ಅಂಗಡಿಯ ಚೀಲಗಳು ಕರಗಿದವು. ಈಗ ಅಪ್ಪ ನಿಜವಾಗಿಯೂ ನೊಣ ಹೊಡೆಯುತ್ತ ಕೂರುವ ಹಾಗಾಯಿತು. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಮಧ್ಯಾಹ್ನ ಅವನು ನನ್ನ ಬಾಗಿಲಲ್ಲಿ ಬಂದು ನಿಂತ. ನಾನು ಅರಿವೆ ಬಿಚ್ಚಿ, ನನ್ನ ನೊಣವನ್ನೂ ಅದರ ಹತ್ತಿರದ ನೆಂಟನನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದೆ.

"ಏನ್ ನೋಡಾಕತ್ತೀಯೋ ಅದರಾಗ?" ಎಂದ.

"ಬಾ, ನೀನ ನೋಡು."

ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಮಸೂರಕ್ಕೆ ಕಣ್ಣು ಹಚ್ಚಿದ. ತಕ್ಷಣ ತೆಗೆದ. "ಎರಡೂ ಒಂದ ಮಾಲು," ಎಂದ.

ಅವನು ಹೊರಡಲು ಎದ್ದವನು ಮತ್ತೆ ಕೂತ. "ಸರಸು. ಹಂಗಲ್ಲ, ಬೆಳಕಿನ ಕಡೆ," ಎಂದ. ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಸರಿಸಿದೆ. ಈ ಸಲ ಅವನು ಕಣ್ಣು ತೆಗೆಯಲಿಲ್ಲ. ಚೀಲದೊಳಗೆ ಕೈ ಹಾಕಿದಾಗ ಅವನ ಮುಖ ಹೇಗೆ ಆಗುತ್ತಿತ್ತೋ ಹಾಗೆ ಆಯಿತು. ನಾನು ಚಿಕ್ಕಂದಿನಿಂದ ನೋಡಿದ ಆ ಮುಖವನ್ನು ನನ್ನ ಕೆಲಸದ ಮುಂದೆ ನೋಡುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಇದರ ನಡುಕಾಲಾಗ ಬೆಳ್ಳಗೈತಲ್ಲೋ," ಎಂದ ಕೊನೆಗೆ. "ಸುಣ್ಣಾ ಹಚ್ಚಿದಂಗ."

"ಹೌದಪ್ಪಾ."

"ಅದರಾಗ ಇಲ್ಲ. ಅದರದು ಮುಂಗಾಲು ಕರ್ರಗ."

"ಹೌದು."

"ಹಂಗಾರ ಬ್ಯಾರೇನ ಬಿಡು. ಎರಡನ್ನೂ ಒಂದ ಚೀಲದಾಗ ಹಾಕಾಕ ಬರೂದಿಲ್ಲ." ಎದ್ದು ಧೋತರ ಕೊಡವಿಕೊಂಡು, ನನ್ನ ಕಡೆ ನೋಡದೆ ಕೇಳಿದ, "ಇದನ್ನ ನಿನಗಿಂತ ಮೊದಲ ಯಾರೂ ಹೇಳಿಲ್ಲೇನು?"

"ಯಾರರ ನೋಡಿರಬಹುದು. ಬ್ಯಾರೆ ಅಂತ ಹೇಳಿಲ್ಲ."

"ಮತ್ತ ಹೇಳು ನೀನು."

ಅಷ್ಟೇ. ಅಂದಿನಿಂದ ಅಂಗಡಿಯಲ್ಲಿ ನೊಣದ ನಗೆಚಾಟಿಕೆ ನಿಂತಿತು. ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲದ ಹುಳ ನಮ್ಮ ಮನೆಯಲ್ಲಿದೆ, ಯುದ್ಧ ಮುಗಿದ ಕೂಡಲೆ ಲಂಡನ್ನಿಗೆ ಹೋಗುತ್ತದೆ ಎಂದು ಅಪ್ಪ ಹೇಳುತ್ತಿರುವುದಾಗಿ ಪೇಟೆಯಿಂದ ನನ್ನ ಕಿವಿಗೆ ಬಿತ್ತು. ನಾನು ಮೂವತ್ತೈದು ವರ್ಷದ ಗಂಡಸು, ಬೀದಿಯಲ್ಲಿ ನಡೆಯುತ್ತ ಒಬ್ಬನೇ ನಕ್ಕೆ.

ದಸರೆಯ ರಜೆ ಬಂತು. ಸರೋಜವ್ವ ಹಬ್ಬಕ್ಕೆ ಅಕ್ಕಿಆಲೂರಿನ ತವರಿಗೆ ಹೋದಳು. ಹಿರೇಕೆರೂರಿನ ಕಡೆ ಹಳೆಯ ಎಲೆತೋಟವೊಂದು ಉಳಿದಿದೆ ಎಂದು ಯಾರೋ ಹೇಳಿದ್ದರು, ನಾನು ಅತ್ತ ಹೋದೆ. ತೋಟವೇನೋ ಇತ್ತು, ನೊಣಗಳೂ ಇದ್ದವು. ಎಲ್ಲ ಅವೇ ಮೂರು. ವಾಪಸು ಬರುವಾಗ, ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿಗೆ ಓಡುತ್ತಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ಕೂತಿತು. ಮಹಾನವಮಿಯ ದಿನ ಮನೆ ಸೇರಬೇಕಾದವನು ಸೇರಿದ್ದು ಮರುದಿನ ವಿಜಯದಶಮಿಯ ಮಧ್ಯಾಹ್ನಕ್ಕೆ.

ಮಹಾನವಮಿಗೆ ನಮ್ಮ ಕಡೆ ಖಂಡೇಪೂಜೆ. ಅವರವರು ಅನ್ನ ತಿನ್ನುವ ಕಸುಬಿನ ಸಾಮಾನುಗಳನ್ನು ತೊಳೆದು, ಒರೆಸಿ, ವಿಭೂತಿ ಹಚ್ಚಿ, ಬೆಲ್ಲ ಕೊಬ್ಬರಿ ಎಡೆಯಿಟ್ಟು ಪೂಜಿಸುತ್ತಾರೆ. ಒಮ್ಮೆ ಪೂಜೆಗೆ ಕೂರಿಸಿದರೆ ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಅಂದು ಕಸುಬಿಗೂ ಕಸುಬಿನ ಸಾಮಾನಿಗೂ ಬಿಡುವು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಕೂರುತ್ತಿದ್ದುದು ಅಪ್ಪನ ತಕ್ಕಡಿ, ಕಲ್ಲುಗಳು, ಸೇರು, ಖಾತೆಪುಸ್ತಕ. ನನ್ನದೇನೂ ಇರುತ್ತಿರಲಿಲ್ಲ. ಓದುವ ಪುಸ್ತಕವನ್ನಾದರೂ ಇಡೋಣವೆಂದು ಅವ್ವ ಬದುಕಿದ್ದಾಗ ಒಮ್ಮೆ ಹೇಳಿದ್ದಳು. "ಅದು ಕಸುಬಲ್ಲ," ಎಂದಿದ್ದ ಅಪ್ಪ.

ಈ ಸಲ ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ, ತಕ್ಕಡಿಯ ಬಲಗಡೆಗೆ, ನನ್ನ ಪೆಟ್ಟಿಗೆ ಇತ್ತು.

ನಾನು ಬಾಗಿಲಲ್ಲೇ ನಿಂತೆ. ಗಾಜಿನ ಮೇಲೆ ಮೂರೆಳೆ ವಿಭೂತಿ. ಅದರ ಮೇಲೆ ಚೆಂಡು ಹೂವು. ಮುಂದೆ ಬಾಳೆಯ ಎಲೆಯ ಮೇಲೆ ಬೆಲ್ಲದ ಉಂಡೆ, ಕೊಬ್ಬರಿಯ ಬಟ್ಟಲು. ಅಪ್ಪ ತೊಳೆದ ಧೋತರ ಉಟ್ಟು ಗೋಡೆಗೆ ಒರಗಿ ಕೂತಿದ್ದ, ನನ್ನನ್ನೇ ಕಾಯುತ್ತಿದ್ದ. ಸುಳ್ಳು ಏಕೆ ಹೇಳಲಿ, ಆ ಒಂದು ಗಳಿಗೆ ನಾನು ಬದುಕಿನಲ್ಲಿ ಪಟ್ಟ ಅತಿ ದೊಡ್ಡ ಸಂತೋಷ. ಅಷ್ಟು ಸಂತೋಷ ಅದಕ್ಕೂ ಮೊದಲು ಇರಲಿಲ್ಲ, ಆಮೇಲೆಯೂ ಬಂದಿಲ್ಲ.

"ಬಂದ್ಯಾ? ಬಾ, ಕಾಲು ತೊಳಕೋ," ಎಂದ ಅಪ್ಪ. "ಎಷ್ಟ ಹೊಲಸ ಅರಿವಿ ಸುತ್ತಿದ್ಯೋ ಅದಕ್ಕ. ನಾರಾಕತ್ತಿತ್ತು. ದೇವರ ಮುಂದ ಹಂಗ ಇಡಾಕ ಬರತೈತೇನು? ತಗದು ಒಗದು, ಸ್ವಚ್ಛ ಒರಸೇನಿ."

ಆಗ ನೋಡಿದೆ. ಬೆಲ್ಲದ ಉಂಡೆಯಿಂದ ಪೆಟ್ಟಿಗೆಯ ತನಕ ಕಂಬಳಿಯ ಮೇಲೆ ಸಣ್ಣ ಕೆಂಪು ಗೆರೆ. ಗೆರೆ ಹರಿಯುತ್ತಿತ್ತು. ಪೆಟ್ಟಿಗೆಯ ಬಗಲು ಹತ್ತಿ, ಮುಚ್ಚಳ ಬಾಗಿದ ಮೂಲೆಯಲ್ಲಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ಕಾಲು ತೊಳೆಯಲಿಲ್ಲ. ಹೋಗಿ ಪೆಟ್ಟಿಗೆ ಎತ್ತಿದೆ. "ಏ, ಬನ್ನಿ ಇನ್ನೂ ಮುಡದಿಲ್ಲ," ಎಂದ ಅಪ್ಪ, ಆದರೆ ಸಿಟ್ಟಿನಿಂದಲ್ಲ. ಇಷ್ಟು ಆತುರವೇ ಎಂದು ನಕ್ಕು ಹೇಳಿದ. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮುಚ್ಚಳ ತೆಗೆದೆ. ಸೂಜಿಗಳು ನೆಟ್ಟಗೆ ನಿಂತಿದ್ದವು. ಸೂಜಿಗಳ ಮೇಲೆ ಕಾಗದದ ಚೂಪು ತುಂಡುಗಳಿದ್ದವು. ತುದಿಯಲ್ಲಿ ಏನೂ ಇರಲಿಲ್ಲ. ಇರುವೆಗಳು ಅಂಟನ್ನೂ ನೆಕ್ಕಿದ್ದವು. ಬೆಂಡಿನ ಮೇಲೆ ಒಂದು ರೆಕ್ಕೆ ಬಿದ್ದಿತ್ತು, ಅದನ್ನು ಒಂದು ಇರುವೆ ಎಳೆಯುತ್ತಿತ್ತು. ಕಾಲುಗಳನ್ನು ಮಸೂರ ಹಿಡಿದು ಹುಡುಕಿದೆ. ಬಿಳಿ ಗೆಣ್ಣು ಎಲ್ಲಿಯೂ ಸಿಗಲಿಲ್ಲ.

ಆ ಗಳಿಗೆ ನನಗೆ ಅಪ್ಪನ ಮೇಲೆ ಬಂದದ್ದು ಸಿಟ್ಟಲ್ಲ, ದ್ವೇಷ. ಹೊರಗೆ ಹೋಗಿ ಆ ತಕ್ಕಡಿಯನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ನನ್ನ ನೊಣಕ್ಕೆ ನಗುತ್ತಿದ್ದಾಗಲೇ ನೀನು ನನಗೆ ಒಳ್ಳೆಯವನಾಗಿದ್ದೆ ಎಂದು ಕೂಗಬೇಕು ಅನ್ನಿಸಿತು. ಬಾಗಿಲ ಹೊರಗಿನಿಂದ ಅವನು ಕರೆದ.

"ಪರಮ್ಯಾ, ಬಾರೋ. ಬನ್ನಿ ತಗೋ."

ಬಾಗಿಲು ತೆಗೆದೆ. ಅಂಗೈಯಲ್ಲಿ ಬನ್ನಿ ಎಲೆ ಹಿಡಿದು ನಿಂತಿದ್ದ. ಹಿರಿಯರಿಗೆ ಕಿರಿಯರು ಮೊದಲು ಕೊಡಬೇಕು. ಅವನು ಅದನ್ನು ಮರೆತು ತಾನೇ ಮೊದಲು ಕೊಡಲು ಬಂದಿದ್ದ. "ಬಂಗಾರದಂಗ ಇರೂಣು," ಎಂದ. ನಾನು ಎಲೆ ತೆಗೆದುಕೊಂಡು ಅವನ ಕಾಲು ಮುಟ್ಟಿದೆ. ಬಾಯಿ ತೆರೆದಿದ್ದರೆ ಬರುತ್ತಿದ್ದ ಮಾತನ್ನು ಆಮೇಲೆ ಹಿಂತೆಗೆದುಕೊಳ್ಳಲಾಗುತ್ತಿರಲಿಲ್ಲ, ಅದಕ್ಕೆ ಬಾಯಿ ತೆರೆಯಲಿಲ್ಲ.

"ನೊಣಾ ಅರಾಮ ಅದಾವಲ್ಲ?" ಎಂದ.

"ಅದಾವಪ್ಪಾ," ಎಂದೆ.

ಬೆಳಕಿಗೆ ಬಣ್ಣ ಹೋಗುತ್ತದೆ ಎಂದು ನೆಪ ಹೇಳಿ ಗಾಜಿನ ಒಳಗಡೆ ಕಾಗದ ಅಂಟಿಸಿದೆ. ಬೇವಿನೆಣ್ಣೆಯ ಹೊಸ ಅರಿವೆ ಕಟ್ಟಿದೆ. ಸರೋಜವ್ವನಿಗೂ ಹೇಳಲಿಲ್ಲ. ಅವಳು ತವರಿನಿಂದ ಬಂದು ಮೊದಲಿನಂತೆ ವಾರವಾರ ಎಣ್ಣೆ ಹಾಕತೊಡಗಿದಳು. ಅವಳು ಹಾಕುವುದನ್ನು ನೋಡುವಾಗೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಆ ಬೇಸಿಗೆ, ಆ ಮಳೆಗಾಲ ಎಲ್ಲೆಲ್ಲಿಯೋ ಅಲೆದೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು. ಹಸಿರು ಮಿಂಚಿದರೆ ಎದೆ ಹಾರುವುದೂ ನಿಂತುಹೋಯಿತು. ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಮನೆಯಲ್ಲಿ ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ. ಏಕೆ ಏಳಬೇಕು ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು, ಏಳುತ್ತಿದ್ದೆ.

ನಲವತ್ತಮೂರರ ಭಾದ್ರಪದದಲ್ಲಿ ಅಪ್ಪನ ಹಳೆಯ ಗೆಳೆಯ, ಶಿಗ್ಗಾಂವಿಯ ಅರಳೆ ವ್ಯಾಪಾರಿ ಕುಬೇರಪ್ಪ ಮನೆಗೆ ಬಂದ. ಚಹಾ ಕುಡಿದದ್ದೇ ತಡ, ಅಪ್ಪ ನನ್ನ ಕಡೆ ತಿರುಗಿದ.

"ಆ ನೊಣಾ ತಗೊಂಬಾರೋ. ಕುಬೇರಪ್ಪ ನೋಡ್ಲಿ."

ಶಾಲೆಯ ಪಾಠಕ್ಕೆಂದು ಬೇರೆ ಡಬ್ಬಿಯಲ್ಲಿ ಹಳೆಯ ಜಾತಿಗಳು ಕೆಲವಿದ್ದವು. ಅವುಗಳಲ್ಲಿ ಒಂದು ಗಂಡನ್ನು, ಮುಂಗಾಲು ಕಪ್ಪಿದ್ದುದನ್ನು, ತಂದು ಮಸೂರದ ಕೆಳಗೆ ಇಟ್ಟೆ. ಮುದುಕರಿಗೆ ಏನು ತಿಳಿದೀತು ಎಂದುಕೊಂಡೆ. ಕುಬೇರಪ್ಪ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಕೊನೆಗೆ ಎರಡನ್ನೂ ತೆರೆದು, "ಭಾರಿ ಐತಿ ಬಿಡಪಾ," ಎಂದ. ಅವನಿಗೆ ಏನೂ ಕಂಡಿರಲಿಲ್ಲ.

ಆಮೇಲೆ ಅಪ್ಪ ಬಾಗಿದ. ಬೆಳಕಿನ ಕಡೆ ತಾನೇ ಸರಿಸಿಕೊಂಡ. ಬಹಳ ಹೊತ್ತು ಎದ್ದೇಳಲಿಲ್ಲ.

"ಕಂಡಿತಿಲ್ಲೋ ಕುಬೇರಪ್ಪಾ?" ಎಂದ ತಲೆಯೆತ್ತಿ, ಗಟ್ಟಿ ದನಿಯಲ್ಲಿ. "ಇದ ನೋಡು ಅದು. ಇಡೀ ಜಗತ್ತಿನಾಗ ಯಾರ ಕಡೇನೂ ಇಲ್ಲ."

ಕುಬೇರಪ್ಪನನ್ನು ಬಸ್ಸಿಗೆ ಕಳಿಸಿ ಬಂದು ಅಪ್ಪ ನನ್ನ ಎದುರು ಕೂತ.

"ಅದರ ಮುಂಗಾಲು ಕರ್ರಗಿತ್ತು," ಎಂದ. "ನಡುಕಾಲಾಗ ಏನೂ ಇರಲಿಲ್ಲ."

"ಬೆಳಕು ಸರಿ ಇರಲಿಲ್ಲಪ್ಪಾ."

"ಬೆಳಕು ಛಲೋನ ಇತ್ತು." ನನ್ನ ಮುಖವನ್ನೇ ನೋಡಿದ. "ಇದು ಅದಲ್ಲ ಪರಮ್ಯಾ. ಅದು ಎಲ್ಲೈತಿ?"

ನಾನು ನೆಲ ನೋಡಿದೆ. ಒಂದೇ ಸಲ, ಒಂದು ವರ್ಷದ ಹಿಂದೆ, ಮಸೂರದಲ್ಲಿ ನೋಡಿದ್ದನ್ನು ಅವನು ಮರೆತಿರಲಿಲ್ಲ. ಜೋಳವನ್ನು ನೆನಪಿಟ್ಟುಕೊಂಡಂತೆ ನೆನಪಿಟ್ಟುಕೊಂಡಿದ್ದ. ಸವಣೂರಿನಲ್ಲಿ ಆ ನೊಣವನ್ನು ಅದರ ನೆಂಟರಿಂದ ಬೇರೆ ಮಾಡಬಲ್ಲವರು ನಾವಿಬ್ಬರೇ ಇದ್ದೆವು, ಆ ಇಬ್ಬರಲ್ಲಿ ಒಬ್ಬನಿಗೆ ನಾನು ಮೋಸ ಮಾಡಲು ಹೋಗಿದ್ದೆ. ಅವನು ಎರಡನೆಯ ಸಲ ಕೇಳಲಿಲ್ಲ. ಎದ್ದು ಹೋದ.

ಮರುದಿನ ನಾನು ಕೋಣೆಯಲ್ಲಿ ಹುಡುಗರ ಉತ್ತರಗಳನ್ನು ತಿದ್ದುತ್ತಿದ್ದೆ. ಅಡಿಗೆಮನೆಯ ಬಾಗಿಲಲ್ಲಿ ಅಪ್ಪನ ದನಿ ಕೇಳಿಸಿತು.

"ಸರೋಜವ್ವಾ, ಆ ಪೆಟಿಗೀಗೆ ಎಣ್ಣಿ ಅರಿವಿ ಯಾಕ ಕಟ್ತೀರವ್ವಾ?"

"ಇರುವಿ ಹೋಗಬಾರದಂತ ಮಾವಾರ. ಕೆಂಪಿರುವಿ ಹೊಕ್ಕರ ಒಂದ ದಿನದಾಗ ಎಲ್ಲಾ ತಿಂದ ಬಿಡತಾವಂತ. ಯಾಕ್ರಿ?"

ನಾನು ಪೆನ್ನು ಕೆಳಗಿಟ್ಟೆ.

"ಏನಿಲ್ಲವ್ವಾ. ಸುಮ್ಮ ಕೇಳಿದೆ," ಎಂದ ಅಪ್ಪ.

ಆಮೇಲೆ ಅವನು ನನಗೆ ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಲಂಡನ್ನಿನ ಮಾತು ನಿಂತಿತು. ಯಾರಾದರೂ ಕೇಳಿದರೆ, ಯುದ್ಧ ಮುಗಿಯಲಿ ಎನ್ನುತ್ತಿದ್ದನಂತೆ. ಊಟಕ್ಕೆ ಕೂತಾಗ ನನ್ನ ತಾಟಿಗೆ ತನ್ನ ಕೈಯಿಂದ ತುಪ್ಪ ಬಡಿಸತೊಡಗಿದ, ಚಿಕ್ಕ ಹುಡುಗನಿಗೆ ಬಡಿಸಿದಂತೆ. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ. ಆಗ ಹೇಳಿಬಿಡಬಹುದಿತ್ತು, ಇಬ್ಬರೂ ಕೂತು ಅತ್ತುಬಿಡಬಹುದಿತ್ತು. ನಮ್ಮ ಮನೆಯಲ್ಲಿ ಗಂಡಸರಿಗೆ ಅದು ಬರುವುದಿಲ್ಲ.

ಆ ವರ್ಷದ ಮಹಾನವಮಿಯ ಬೆಳಿಗ್ಗೆ ನಾನು ಕೋಣೆಯಲ್ಲೇ ಇದ್ದೆ. ಅಪ್ಪ ಬಂದು ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಪಡಸಾಲೆಗೆ ಹೋದೆ. ತಕ್ಕಡಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಥಳಥಳ ಹೊಳೆಯುತ್ತಿತ್ತು. ಕಲ್ಲುಗಳು, ಸೇರು ಎಲ್ಲ ಹೊಳೆಯುತ್ತಿದ್ದವು. ಅವುಗಳ ಬಲಗಡೆ ನನ್ನ ಪೆಟ್ಟಿಗೆ. ಹಳೆಯ ಅರಿವೆ ಬಿಚ್ಚಿ, ಅಪ್ಪ ತನ್ನ ಧೋತರದ ಅಂಚು ಹರಿದು, ಬೇವಿನೆಣ್ಣೆಯಲ್ಲಿ ತೊಯ್ಯಿಸಿ, ಮುಚ್ಚಳದ ಸುತ್ತ ಹೊಸದಾಗಿ ಕಟ್ಟಿದ್ದ. ಎಣ್ಣೆ ಜಿನುಗಿ ಕಂಬಳಿಗೆ ಇಳಿದಿತ್ತು. ಪಡಸಾಲೆಯೆಲ್ಲ ನಾರುತ್ತಿತ್ತು.

ಪೂಜೆ ಮಾಡಿಸಲು ಬಂದ ಅಯ್ಯನವರು ಮೂಗು ಮುಚ್ಚಿಕೊಂಡರು.

"ಮಹಾಲಿಂಗಪ್ಪಾ, ದೇವರ ಮುಂದ ಇದೇನಿದು ಅರಿವಿ? ತಗೀರಿ. ಮತ್ತ ಎಡಿಗೆ ಬೆಲ್ಲಾ ಎಲ್ಲಿ?"

"ಇರ್ಲಿ ಅಯ್ಯನವರ," ಎಂದ ಅಪ್ಪ. "ಬೆಲ್ಲಾ ಇಡೂದಿಲ್ಲ. ಹಂಗ ಮಾಡ್ರಿ."

ಅಯ್ಯನವರು ಅವನ ಮುಖ ನೋಡಿ ಗಂಟೆ ಎತ್ತಿಕೊಂಡರು. ಅಪ್ಪ ತಕ್ಕಡಿಗೆ ಕೈಮುಗಿದ, ಆಮೇಲೆ ಪೆಟ್ಟಿಗೆಗೆ ಕೈಮುಗಿದ. ಅವನ ಬೆರಳುಗಳು ಎಣ್ಣೆಯಿಂದ ಕಪ್ಪಾಗಿದ್ದವು. ಅವನ ಪಕ್ಕದಲ್ಲಿ ನಿಂತು ನಾನೂ ಕೈಮುಗಿದೆ. ಒಳಗೆ ಏನೂ ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಒಂದು ಇರುವೆಯೂ ಹೋಗಲಾಗದಷ್ಟು ಬಿಗಿಯಾಗಿ ಅಪ್ಪ ಅದನ್ನು ಕಟ್ಟಿದ್ದ.